ಉಣ್ಣೆ ಎಣಿಸುತ್ತಿದ್ದವರು

ನನ್ನ ಹಳೆಯ ಮೇಲ್ವಿಚಾರಕರು ತೀರಿಕೊಂಡಾಗ ಸಂತಾಪ ನಿರ್ಣಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಸಾಲು ಸಾಕು ಅಂದಿದ್ದರು ಸಾಹೇಬರು. "ನಮ್ಮ ಪ್ರಯೋಗಾಲಯದಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದ ಇವರು ಶ್ರದ್ಧಾವಂತರೂ ಸರಳರೂ ಆಗಿದ್ದರು" ಎಂದು ಬರೆದುಕೊಟ್ಟೆ. ಸಾಹೇಬರು ಅದನ್ನು ಓದಿದರು. ಎರಡು ನಿಮಿಷದ ಮೌನಕ್ಕೆ ಮೊದಲು ತಾವಾಗಿಯೇ ಹತ್ತು ನಿಮಿಷ ಮಾತನಾಡಿದರು. ಎಚ್ಚರಿಕೆ ಎಂದರೇನು ಎಂಬುದನ್ನು ನಮಗೆಲ್ಲ ಕಲಿಸಿದವರು ಅವರೇ, ಅಂಥವರನ್ನು ಗುರುತಿಸಿ ಬೆಳೆಸುವುದು ನಮ್ಮ ಸಂಸ್ಥೆಯ ಪದ್ಧತಿ ಎಂದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಇಲಿಯ ಕೋಣೆಯ ಮುನಿಯಪ್ಪ ಕೆಮ್ಮಿದ. ಮೌನದ ಎರಡು ನಿಮಿಷವೂ ಕೆಮ್ಮುತ್ತಲೇ ಇದ್ದ. ಅದು ಕೆಮ್ಮಲ್ಲ ಎಂಬುದು ನನಗೊಬ್ಬನಿಗೆ ಗೊತ್ತಿತ್ತು.

ನಾಲ್ಕು ಸಾಲಿಗೆ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮ ಹೆಸರು ಕಾಗದದ ಮೇಲೆ ಬರುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಬಂದಾಗಲೆಲ್ಲ ಅದೊಂದು ಮೆಮೋ ಆಗಿರುತ್ತಿತ್ತು.

ಐವತ್ತರ ದಶಕದ ಕೊನೆಯಲ್ಲಿ ನಾನು ಹೆಬ್ಬಾಳದ ಆ ಪ್ರಯೋಗಾಲಯಕ್ಕೆ ಟೆಕ್ನಿಷಿಯನ್ ಆಗಿ ಸೇರಿದೆ. ದನಗಳ ಕಾಯಿಲೆಗಳನ್ನು ನೋಡುವ ಜಾಗ ಅದು. ಅವರು ನನ್ನ ಮೇಲ್ವಿಚಾರಕರು. ಆಗಲೇ ಐವತ್ತರ ಹತ್ತಿರ ಇದ್ದರು. ಸಣ್ಣ ಆಳು, ಮೊಣಕೈವರೆಗೆ ಮಡಿಸಿದ ಬಿಳಿ ಅಂಗಿ, ಯಲಹಂಕದಿಂದ ದಿನಾ ಸೈಕಲ್ಲು. ಬಂದವರೇ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಹೋಗುವಾಗಲೂ ತೊಳೆಯುತ್ತಿದ್ದರು. ನಡುವೆ ನಮ್ಮನ್ನು ಕಂಡಾಗಲೆಲ್ಲ "ಕೈ ತೊಳ್ಕೊಂಡ್ರೇನಯ್ಯಾ?" ಎನ್ನುತ್ತಿದ್ದರು. ಆ ಕಾಲದಲ್ಲಿ ನಾವೆಲ್ಲ ಗಾಜಿನ ಕೊಳವೆಯಲ್ಲಿ ದ್ರಾವಣವನ್ನು ಬಾಯಿಂದಲೇ ಹೀರಿ ಅಳೆಯುತ್ತಿದ್ದೆವು. ಅವರು ಪ್ರತಿ ಕೊಳವೆಯ ತುದಿಗೂ ತಾವೇ ಹತ್ತಿ ತುರುಕಿ ಇಡುತ್ತಿದ್ದರು. ಹೊರದೇಶದಲ್ಲಿ ಓದಿ ಬಂದಿದ್ದ ನಮ್ಮ ನಿರ್ದೇಶಕರು, ಅಂದರೆ ಸಾಹೇಬರು, ಅದನ್ನು ನೋಡಿ ನಗುತ್ತಿದ್ದರು. "ನಿಮ್ಮದು ವಿಜ್ಞಾನ ಅಲ್ಲ ಕಣ್ರೀ, ಮಡಿ" ಅನ್ನುತ್ತಿದ್ದರು.

ಆ ಹೊತ್ತಿಗೆ ಶಿವಮೊಗ್ಗ ಕಡೆಯ ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದವು. ಹಿಂದೆಯೇ ಸೌದೆಗೆ ಹೋದವರು, ದನ ಮೇಯಿಸಲು ಹೋದವರು ಜ್ವರ ಬಂದು ಮಲಗಿದರು. ಕಣ್ಣು ಕೆಂಡದ ಹಾಗೆ ಕೆಂಪಾಗುವುದು, ಮೂಗು ವಸಡುಗಳಲ್ಲಿ ರಕ್ತ ಬರುವುದು, ಕೆಲವರು ಏಳದೇ ಹೋಗುವುದು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಮಂಗನಿಂದ ಮನುಷ್ಯನಿಗೆ ಅದನ್ನು ದಾಟಿಸುವುದು ರಕ್ತ ಹೀರುವ ಕಾಡಿನ ಉಣ್ಣೆ ಹುಳು ಎಂದು ಗೊತ್ತಾಯಿತು. ಉಣ್ಣೆ ದನಗಳ ಮೈಮೇಲೂ ಇರುತ್ತದಲ್ಲ, ಹಾಗಾಗಿ ದನದ ಪಾತ್ರವೇನು ನೋಡಿ ಎಂದು ನಮಗೂ ಒಂದು ಪಾಲು ಕೆಲಸ ಬಂತು. ಕಾಡಿನಿಂದ ಕೊಳವೆಗಳಲ್ಲಿ ಜೀವಂತ ಉಣ್ಣೆಗಳು ಬರಲಾರಂಭಿಸಿದವು. ಅವನ್ನು ಸಾಕುವುದು, ವಿಂಗಡಿಸುವುದು, ಎಣಿಸುವುದು ಅವರ ಕೆಲಸ. ಪರೀಕ್ಷೆಗೆಂದು ಆ ಕಾಯಿಲೆಯ ವೈರಸ್ ಚುಚ್ಚಿದ ಇಲಿಗಳನ್ನು ನೋಡಿಕೊಳ್ಳುವುದು ಮುನಿಯಪ್ಪನ ಕೆಲಸ. ಅವನು ಕೋಗಿಲು ಎಂಬ ಹಳ್ಳಿಯ ಒಕ್ಕಲು ಮನೆಯವ. ನಲವತ್ತರ ಗಟ್ಟಿ ಆಳು, ಇಲಿಗಳಿಗೆ ಹಾಡು ಹೇಳಿ ಕಾಳು ಹಾಕುವ ಮನುಷ್ಯ.

ಯಲಹಂಕದಲ್ಲಿ ಅವರ ಬೀದಿಯವರಿಗೆ ಈ ವಿಷಯವೇ ಗೊತ್ತಿರಲಿಲ್ಲ. ಯಾರೋ ಕೇಳಿದಾಗ ಇವರು "ಉಣ್ಣೆ ಕೆಲಸ" ಅಂದಿದ್ದರಂತೆ. ಬೀದಿಯವರು ಕುರಿ ಉಣ್ಣೆ ಅಂದುಕೊಂಡರು. ಪಕ್ಕದ ಮನೆಯ ಅಜ್ಜಿ ಚಳಿಗಾಲಕ್ಕೆ ಒಂದು ಕಂಬಳಿ ಆಫೀಸಿನಿಂದ ತಂದುಕೊಡಪ್ಪಾ ಎಂದು ದುಂಬಾಲು ಬಿದ್ದಳು. ಇವರು ಸಂತೆಯಲ್ಲಿ ಕೊಂಡು, ಆಫೀಸಿನದೇ ಎಂದು ಕೊಟ್ಟರು.

"ನಿಜ ಹೇಳ್ಬಿಡಬಹುದಿತ್ತಲ್ಲ ಸಾರ್" ಎಂದೆ.

"ಹೇಳಿದ್ರೆ ನಮ್ಮ ಬಾವಿ ಹತ್ರ ಯಾರಯ್ಯಾ ಬರ್ತಾರೆ? ಕಂಬಳಿನೇ ವಾಸಿ."

ಅವರ ಜೊತೆ ನಾನು ಒಮ್ಮೆ ಯಶವಂತಪುರ ಸ್ಟೇಷನ್ನಿಗೆ ಹೋಗಿದ್ದೆ. ಬೆಳಗಿನ ರೈಲಿನಲ್ಲಿ ಐಸಿನ ಪೆಟ್ಟಿಗೆಯೊಂದು ಬಂದಿತ್ತು. ಒಳಗೆ ಸತ್ತ ಮಂಗ. ಕಳಿಸಿದ ಪುಣ್ಯಾತ್ಮರು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಯೇ ಬರೆದಿದ್ದರು. ನಾವು ಹೋಗುವಷ್ಟರಲ್ಲಿ ಪೋರ್ಟರುಗಳು ಸುತ್ತ ನೆರೆದಿದ್ದರು. ಒಬ್ಬ ಊದುಬತ್ತಿ ಹಚ್ಚಿದ್ದ. ಇನ್ನೊಬ್ಬ ಕಣಗಿಲೆ ಹೂವು ತಂದಿದ್ದ. ಅವರಲ್ಲಿ ಹಿರಿಯನಾದವನು ಪೆಟ್ಟಿಗೆಯ ಹಗ್ಗಕ್ಕೆ ಕೈಹಾಕಿ ಕೂತಿದ್ದ.

"ಆಂಜನೇಯಸ್ವಾಮಿ ಕಣ್ರೀ ಇದು. ಇಂಗೆ ಐಸಲ್ಲಿ ಆಕಿ ಕಳಿಸ್ತಾರಾ? ಮುಚ್ಚಳ ತೆಗೀರಿ, ಬಾಯಿಗೆ ನೀರು ಬುಟ್ಟು ಸಂಸ್ಕಾರ ಮಾಡ್ತೀವಿ."

ಮಂಗ ಯಾವ ಕಾಯಿಲೆಯಿಂದ ಸತ್ತದ್ದೆಂದು ಹೇಳಿದರೆ ಸ್ಟೇಷನ್ ಖಾಲಿಯಾಗುತ್ತದೆ. ಹೇಳದಿದ್ದರೆ ಮುಚ್ಚಳ ತೆಗೆಯುತ್ತಾರೆ. ಇವರು ಚಪ್ಪಲಿ ಬಿಟ್ಟರು, ಪೆಟ್ಟಿಗೆಯ ಮುಂದೆ ಕೈಮುಗಿದು ನಿಂತರು.

"ಸಂಸ್ಕಾರ ನಾವೇ ಮಾಡ್ತೀವಿ ಯಜಮಾನ್ರೇ, ಅದಕ್ಕೇ ಬಂದಿರೋದು. ನೀವು ಪೂಜೆ ಮಾಡಿ. ಹೂವು ಮೇಲೇ ಇಡಿ. ಹಗ್ಗ ಬಿಚ್ಚಬೇಡಿ, ಬಿಚ್ಚೋಕೆ ಗಳಿಗೆ ಕೂಡಿ ಬಂದಿಲ್ಲ."

ಗಳಿಗೆ ಎಂದ ಮೇಲೆ ಹಿರಿಯ ಕೈ ತೆಗೆದ. ಪೆಟ್ಟಿಗೆಗೆ ಕುಂಕುಮ ಇಟ್ಟರು, ಕರ್ಪೂರ ಬೆಳಗಿದರು. ಇವರು ಮಂಗಳಾರತಿ ತೆಗೆದುಕೊಂಡರು. ಆಮೇಲೆ ಹಗ್ಗ ಮುಟ್ಟಿದ್ದ ಆ ಹಿರಿಯನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಜೇಬಿನಿಂದ ಸೋಪಿನ ಚೂರು ತೆಗೆದು, "ದೇವರ ಕೆಲಸ ಆಯ್ತಲ್ಲ, ಕೈ ತೊಳ್ಕೊಳಿ" ಎಂದು ಮೊಣಕೈವರೆಗೆ ತೊಳೆಸಿದರು. ಆತ ಅದನ್ನೂ ಶಾಸ್ತ್ರವೆಂದೇ ತಿಳಿದ. ದಾರಿಯಲ್ಲಿ ನಾನು ನಕ್ಕೆ. ಅವರು ನಗಲಿಲ್ಲ. "ಮಂಗ ಸತ್ತು ಮೈ ತಣ್ಣಗಾದ್ರೆ ಉಣ್ಣೆ ಇಳಿದು ಬಿಡುತ್ತೆ ಕಣಯ್ಯ, ಬೆಚ್ಚಗಿರೋ ಮೈ ಹುಡುಕುತ್ತೆ. ಐಸಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ" ಎಂದರು.

ಅವರು ನಂಬುತ್ತಿದ್ದದ್ದು ಎರಡನ್ನೇ: ಸೋಪು ಮತ್ತು ಎಣಿಕೆ. ಉಣ್ಣೆಗಳ ಕೊಳವೆಗಳನ್ನು ಬಿಳಿ ತಟ್ಟೆಯಲ್ಲಿ ಇಟ್ಟು, ಆ ತಟ್ಟೆಯನ್ನು ಸೋಪುನೀರು ತುಂಬಿದ ಇನ್ನೊಂದು ದೊಡ್ಡ ತಟ್ಟೆಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಣಿಕೆ. ಮರಿ ಉಣ್ಣೆ ಎಂದರೆ ಎಳ್ಳುಕಾಳಿಗಿಂತ ಚಿಕ್ಕದು. ಕಚ್ಚುವುದೂ ಅದೇ. ಆ ಕೋಣೆಗೆ ಒಂದೇ ಬಾಗಿಲಿತ್ತು. ಅದು ನೇರ ವರಾಂಡಕ್ಕೆ ತೆರೆಯುತ್ತಿತ್ತು. ಎರಡು ಬಾಗಿಲು ಬೇಕು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತಿರಬೇಕು, ಕೆಲಸದವರಿಗೆ ರಬ್ಬರ್ ಕೈಗವಸು ಬೇಕು ಎಂದು ಅವರು ಬರೆದ ಅರ್ಜಿ ಮೂರು ವರ್ಷದಿಂದ ಸಾಹೇಬರ ಮೇಜಿನ ಮೇಲಿತ್ತು. ಅದರ ಮೇಲೆ ಸಾಹೇಬರು ಟೀ ಲೋಟ ಇಡುತ್ತಿದ್ದರು.

ಹೀಗಿರುವಾಗ ಮಂತ್ರಿಯೊಬ್ಬರು ನಮ್ಮ ಪ್ರಯೋಗಾಲಯ ನೋಡಲು ಬಂದರು. ವೈರಸ್ ತೋರಿಸಿ ಎಂದರು. ಅದು ಕಣ್ಣಿಗೆ ಕಾಣದು ಎಂದು ಸಾಹೇಬರು ವಿವರಿಸಿದರು. ಮಂತ್ರಿಗಳ ಮುಖ ಸಪ್ಪೆಯಾಯಿತು. ಅಷ್ಟು ದೂರ ಬಂದವರಿಗೆ ಏನಾದರೂ ತೋರಿಸಬೇಕಲ್ಲ, ಉಣ್ಣೆಯ ಕೋಣೆಗೆ ಕರೆತಂದರು. ಒಬ್ಬೊಬ್ಬರಾಗಿ ಬನ್ನಿ ಎಂದು ಇವರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಹತ್ತು ಹನ್ನೆರಡು ಜನ ನುಗ್ಗಿದರು. ಹಾರ ಹಿಡಿದವರೂ ಇದ್ದರು. ಸಾಹೇಬರು ಒಂದು ಕೊಳವೆಯ ಬಾಯಿಬಟ್ಟೆ ಬಿಚ್ಚಿ ಮಂತ್ರಿಗಳ ಮೂಗಿನ ಹತ್ತಿರ ಹಿಡಿದರು. ನೋಡಿ ಆಯಿತು, ಎಲ್ಲರೂ ವರಾಂಡಕ್ಕೆ ಬಂದರು. ಕಾರು ಸ್ಟಾರ್ಟ್ ಆಯಿತು.

ಇವರು ಒಳಗೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಹೊರಗೆ ಬಂದವರೇ ಗೇಟಿಗೆ ಹೋಗಿ ಅದನ್ನು ಮುಚ್ಚಿ ಕಾರಿನ ಮುಂದೆ ನಿಂತರು.

"ಒಂದು ಕಮ್ಮಿ ಇದೆ ಸ್ವಾಮಿ" ಎಂದರು ಮಂತ್ರಿಗಳಿಗೆ. "ಯಾರೂ ಹೋಗೋ ಹಾಗಿಲ್ಲ. ಬಟ್ಟೆ ನೋಡ್ಬೇಕು."

ಸಾಹೇಬರ ಮುಖ ಹೇಗಾಯಿತು ಎಂದು ಬರೆಯಲು ಈಗಲೂ ಧೈರ್ಯವಿಲ್ಲ. "ಏನ್ರೀ ಇದು, ತಲೆ ಕೆಟ್ಟಿದೆಯೇನ್ರೀ ನಿಮಗೆ?" ಎಂದು ಕೂಗಿದರು. ಮಂತ್ರಿಗಳು ಮಾತ್ರ ಹಳ್ಳಿಯಿಂದ ಬಂದ ಮನುಷ್ಯ. ಉಣ್ಣೆ ಎಂದರೆ ಏನು ಎಂದು ಅವರಿಗೆ ಗೊತ್ತಿತ್ತು. ಕಾರಿನಿಂದ ಇಳಿದರು.

"ಕಚ್ಚಿದ್ರೆ ಏನಾಗುತ್ತೆ?"

"ಮೂರು ನಾಲ್ಕು ದಿನ ಏನೂ ಆಗಲ್ಲ ಸ್ವಾಮಿ. ಆಮೇಲೆ ಜ್ವರ, ತಲೆನೋವು. ಸೊಂಟ ಹಿಡ್ಕೊಳ್ಳುತ್ತೆ. ಕೆಲವರಿಗೆ ರಕ್ತ ಹೋಗುತ್ತೆ."

"ಔಷಧಿ?"

"ಇಲ್ಲ ಸ್ವಾಮಿ. ನೀರು, ಗಂಜಿ, ಮಲಗಿರೋದು."

"ಮತ್ತೆ ಇಷ್ಟು ಜನ ಇಲ್ಲಿ ಏನ್ ಮಾಡ್ತಾ ಇದೀರಿ?"

"ಎಣಿಸ್ತಾ ಇದೀವಿ ಸ್ವಾಮಿ."

ವರಾಂಡದಲ್ಲಿ ಬಿಳಿ ಹೊದಿಕೆ ಹಾಸಿ ಒಬ್ಬೊಬ್ಬರನ್ನೇ ಅದರ ಮೇಲೆ ನಿಲ್ಲಿಸಿದರು. ಮಂತ್ರಿಗಳ ಟೋಪಿಯನ್ನು ತಿರುವಿ ನೋಡಿದರು. ಜುಬ್ಬ ತೆಗೆಸಿ ಕೊಡವಿದರು. ಬನಿಯನ್ನಿನಲ್ಲಿ ನಿಂತ ಮಂತ್ರಿಗಳು ಕೈ ಎತ್ತಿ ಕಂಕುಳು ತೋರಿಸಿದರು. ಸಾಹೇಬರ ಪ್ಯಾಂಟಿನ ಮಡಿಕೆ ಬಿಡಿಸಿದಾಗ ಒಂದು ಕಡಲೆಕಾಯಿ ಸಿಪ್ಪೆ ಸಿಕ್ಕಿತು. ಉಣ್ಣೆ ಸಿಗಲಿಲ್ಲ. ಒಂದು ಗಂಟೆ ಕಳೆದ ಮೇಲೆ ಎಲ್ಲರನ್ನೂ ಬಿಟ್ಟರು. ಹದಿನೈದು ದಿನ ಮೈ ನೋಡಿಕೊಳ್ಳುತ್ತಿರಿ ಎಂದು ಮಂತ್ರಿಗಳಿಗೆ ಹೇಳಿ ಕಳಿಸಿದರು.

ಕಾರು ಹೋದ ಧೂಳು ಇಳಿದಿರಲಿಲ್ಲ. ನಾನು ಒಳಗೆ ಹೋಗಿ ಕಿಟಕಿಯ ಪಕ್ಕದ ಸ್ಪಿರಿಟ್ ಸೀಸೆಯನ್ನು ನೋಡಿದೆ. ತಳದಲ್ಲಿ ಒಂದು ಮರಿ ಉಣ್ಣೆ ಬಿದ್ದಿತ್ತು. ಮಧ್ಯಾಹ್ನ ಸತ್ತುಹೋಗಿದ್ದ ಅದನ್ನು ನಾನೇ ಅಲ್ಲಿ ಹಾಕಿದ್ದೆ. ಪುಸ್ತಕದಲ್ಲಿ ಬರೆಯಲು ಮರೆತಿದ್ದೆ. ಮಂತ್ರಿಯನ್ನು ಬನಿಯನ್ನಿನಲ್ಲಿ ನಿಲ್ಲಿಸಿದ್ದು ನಾನು.

ಅವರ ಮುಂದೆ ಹೋಗಿ ಸೀಸೆ ಹಿಡಿದೆ. ಅವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸಾಹೇಬರಿಗೆ ಹೇಳ್ತೀನಿ ಸಾರ್. ತಪ್ಪು ನಂದು."

"ತಪ್ಪು ನಿಂದೇ. ಪುಸ್ತಕದಲ್ಲಿ ಬರಿ, ಇವತ್ತಿನ ತಾರೀಕಿಗೇ ಬರಿ. ಸಾಹೇಬರು ಪುಸ್ತಕ ನೋಡಿದ್ರೆ ತಿಳ್ಕೊತಾರೆ." ಸೀಸೆಯನ್ನು ಅದರ ಜಾಗದಲ್ಲಿ ಇಟ್ಟರು. "ಅವರಾಗೇ ನೋಡೋವರೆಗೂ ನೀನು ಬಾಯಿ ಬಿಡಬೇಡ. ಮೂರು ವರ್ಷ ನಿಜ ಹೇಳಿ ಒಂದು ಬಾಗಿಲು ಬರಲಿಲ್ಲ ಕಣಯ್ಯ. ಈಗ ಏನು ಬರುತ್ತೋ ನೋಡೋಣ."

ನಾನು ಬರೆದೆ. ಸಾಹೇಬರು ಪುಸ್ತಕ ನೋಡುವವರಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಂತ್ರಿಗಳು ಹದಿನೈದು ದಿನ ದಿನಾ ಸ್ನಾನಕ್ಕೆ ಮೊದಲು ಮನೆಯವರಿಂದ ಬೆನ್ನು ನೋಡಿಸಿಕೊಂಡರಂತೆ. ತಿಂಗಳು ತುಂಬುವುದರೊಳಗೆ ಎರಡನೇ ಬಾಗಿಲಿಗೆ ಮಂಜೂರಾತಿ ಬಂತು. ಕೈಗವಸಿಗೂ ಬಂತು. ಅದೇ ಟಪಾಲಿನಲ್ಲಿ ಅವರ ವರ್ಗಾವಣೆಯ ಆದೇಶವೂ ಬಂತು. ಬಾಗಲಗುಂಟೆಯಿಂದ ಆಚೆ, ಹೆಸರಘಟ್ಟದ ದಾರಿಯಲ್ಲಿದ್ದ ಒಂದು ಕುರಿ ಫಾರಮ್ಮಿಗೆ. ಯಲಹಂಕದ ಬೀದಿಯವರಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ; ಅವರ ಲೆಕ್ಕದಲ್ಲಿ ಇವರು ಮೊದಲಿನಿಂದಲೂ ಉಣ್ಣೆಯಲ್ಲೇ ಇದ್ದರು. ಆದೇಶ ಬಂದ ದಿನ ನಾನು ಅವರನ್ನು ಮತ್ತೆ ಕೇಳಿದೆ, ಈಗಲಾದರೂ ಹೇಳಿಬಿಡಲೇ ಎಂದು.

"ಸುಮ್ನಿರಯ್ಯಾ. ಬಡಗಿ ಇನ್ನೂ ಬಾಗಿಲು ಕೂರಿಸಿಲ್ಲ" ಎಂದರು.

ಬಾಗಿಲು ಕೂತಿತು. ಕೈಗವಸುಗಳೂ ಬಂದವು. ಸಾಹೇಬರು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು, ಹೊರದೇಶದ ಮಾಲು, ಹಾಳಾಗಬಾರದೆಂದು. ಯಾರಾದರೂ ದೊಡ್ಡವರು ನೋಡಲು ಬಂದಾಗ ತೆಗೆದು ನಮಗೆ ಹಾಕಿಸುತ್ತಿದ್ದರು. ಅವರು ಹೋದ ಮೇಲೆ ಪುಡಿ ಹಾಕಿ ಮತ್ತೆ ಒಳಗಿಡಿಸುತ್ತಿದ್ದರು.

ಮುಂದಿನ ವರ್ಷ ಇಲಿಯ ಕೋಣೆಯಲ್ಲಿ, ಸೋಂಕಿನ ಇಲಿಯ ರಕ್ತವಿದ್ದ ಒಡೆದ ಸೀಸೆಯೊಂದು ಮುನಿಯಪ್ಪನ ಬೆರಳನ್ನು ಕೊಯ್ಯಿತು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪಿ ಕೆಲಸ ಮುಂದುವರಿಸಿದ. ಏಳನೆಯ ದಿನ ಅವನು ಬರಲಿಲ್ಲ. ಆಸ್ಪತ್ರೆಯಲ್ಲಿ ವಿಷಮಶೀತ ಜ್ವರ ಎಂದರು. ನಮ್ಮಲ್ಲಿ ಮನುಷ್ಯರಿಗೆ ಹತ್ತುವ ಕಾಯಿಲೆಯ ಕೆಲಸ ನಡೆಯುತ್ತದೆಯೇ ಎಂದು ಆಸ್ಪತ್ರೆಯವರು ಕೇಳಿದ್ದಕ್ಕೆ, ಇಲ್ಲಿ ಬರೀ ದನದ ಕಾಯಿಲೆ ಎಂದು ಸಾಹೇಬರು ಬರೆದು ಕಳಿಸಿದರು. ಆ ಉತ್ತರವನ್ನು ಟೈಪು ಮಾಡಿದವರ ಪಕ್ಕದಲ್ಲಿ ನಾನು ನಿಂತಿದ್ದೆ. ಆ ದಿನವೂ ನಾನು ಬಾಯಿ ಬಿಡಲಿಲ್ಲ. ಈ ಸಲ ಬಿಡಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮುನಿಯಪ್ಪನ ಹೆಂಡತಿ ಆಫೀಸಿಗೆ ಬರಲಿಲ್ಲ. ಕೋಗಿಲಿನಿಂದ ಎರಡು ಬಸ್ಸು ಹಿಡಿದು, ಉಳಿದ ದಾರಿ ನಡೆದು ಕುರಿ ಫಾರಮ್ಮಿಗೆ ಹೋದಳು.

"ಕಣ್ಣು ಕೆಂಪಗೆ ರಕ್ತ ಆಗದೆ ಸ್ವಾಮಿ. ಹಲ್ಲಿನ ಸಂದೀಲಿ ರಕ್ತ ಬತ್ತದೆ. ಅದ್ಯಾವ್ದೋ ಜ್ವರ ಅಂತಾರೆ. ನೀವೊಂದು ಸಲ ನೋಡಿ ಏಳ್ಬುಡಿ, ಇದು ಅದೇನಾ ಅಂತ."

ಅವರು ರಜಾ ಅರ್ಜಿಯನ್ನೂ ಕೊಡದೆ ಸೈಕಲ್ ಹತ್ತಿದರು. ನಾನು ಸಂಜೆ ಆಸ್ಪತ್ರೆಗೆ ಹೋದಾಗ ವಾರ್ಡಿನಲ್ಲಿ ಮುನಿಯಪ್ಪನ ಮಂಚದ ಎರಡೂ ಕಡೆಯ ಮಂಚಗಳು ಖಾಲಿಯಾಗಿದ್ದವು. ರಕ್ತ ಕಂಡು ರೋಗಿಗಳೇ ಎದ್ದು ಬೇರೆ ಕಡೆ ಹೋಗಿದ್ದರು. ಜೀವಮಾನವಿಡೀ ನಮ್ಮನ್ನು ಯಾವುದನ್ನೂ ಮುಟ್ಟಗೊಡದ ಮನುಷ್ಯ ಆ ಮಂಚದ ಮೇಲೆಯೇ ಕೂತು, ಮುನಿಯಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದರು. ತುಟಿಯ ರಕ್ತವನ್ನು ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಮುಚ್ಚಳದ ಡಬ್ಬಿಗೆ ಹಾಕಿ, ಹೋಗಿ ಕೈ ತೊಳೆದು ಬಂದು ಮತ್ತೆ ಅಲ್ಲೇ ಕೂತರು.

"ಸಾರ್, ನಿಮಗೆ ಹತ್ತಿದ್ರೆ?" ಎಂದೆ.

"ಪಕ್ಕದಲ್ಲಿ ಕೂತ್ರೆ ಹತ್ತಲ್ಲ ಕಣಯ್ಯ ಇದು. ಮನುಷ್ಯನಿಂದ ಮನುಷ್ಯನಿಗೆ ದಾಟೋದು ಯಾರೂ ಕಂಡಿಲ್ಲ. ಹೆದರಬೇಕಾದ್ದಕ್ಕೆ ಹೆದರ್ಬೇಕು. ಅವನು ಅದಲ್ಲ."

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಇವರು ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದರು: ನಮ್ಮಲ್ಲಿ ಇರುವ ಇಲಿ ಯಾವುದು, ಅದರಲ್ಲಿ ಇರುವುದೇನು. ರಕ್ತ ತೆಗೆಸಿ ಪೂನಾದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸುವಂತೆ ಬೇಡಿಕೊಂಡಿದ್ದರು. ಹತ್ತು ದಿನಕ್ಕೆ ಜ್ವರ ಇಳಿಯಿತು. ಮುನಿಯಪ್ಪ ಎದ್ದು ಕೂತು ಮುದ್ದೆ ಕೇಳಿದ. ಮನೆಗೆ ಹೋಗಬಹುದು ಎಂದರು ಆಸ್ಪತ್ರೆಯವರು. ಇವರು ಅಡ್ಡ ನಿಂತರು. ಈ ಜ್ವರ ಕೆಲವರಿಗೆ ಒಮ್ಮೆ ಹೋಗಿ, ಒಂದೆರಡು ವಾರ ಬಿಟ್ಟು ತಿರುಗಿ ಬರುತ್ತದೆ, ಎರಡನೇ ಸಲ ತಲೆಗೆ ಏರುತ್ತದೆ ಎಂದರು. ಹಾಸಿಗೆ ಖಾಲಿ ಮಾಡಿ ಎಂದು ನರ್ಸು ಗದರಿಸಿದಾಗ, "ಅಮ್ಮಾ, ಇವನನ್ನ ನೆಲದ ಮೇಲೆ ಮಲಗಿಸ್ತೀನಿ, ಮಂಚ ತಗೊಳ್ಳಿ. ಆಸ್ಪತ್ರೆಯಿಂದ ಆಚೆ ಮಾತ್ರ ಕಳಿಸ್ಬೇಡಿ" ಎಂದು ಕೈಮುಗಿದರು. ಡಾಕ್ಟರು ಮಂಚವನ್ನೇ ಬಿಟ್ಟುಕೊಟ್ಟರು.

ಜ್ವರ ಇಳಿದ ಎಂಟನೇ ದಿನ ಅದು ತಿರುಗಿ ಬಂತು. ಕತ್ತು ಮರದ ಹಾಗೆ ಸೆಟೆಯಿತು. ಮುನಿಯಪ್ಪ ಹೆಂಡತಿಯ ಗುರುತು ಹಿಡಿಯಲಿಲ್ಲ. ಇಲಿಗಳಿಗೆ ಕಾಳು ಹಾಕಬೇಕು, ಬಿಡಿ ಬಿಡಿ ಎಂದು ಎದ್ದೋಡುತ್ತಿದ್ದ. ಆಸ್ಪತ್ರೆಯಲ್ಲಿ ಇದ್ದದ್ದರಿಂದ ಬದುಕಿದ. ಕೋಗಿಲಿನ ಮನೆಯಲ್ಲಿದ್ದಿದ್ದರೆ ಏನಾಗುತ್ತಿತ್ತೋ, ಆ ಡಾಕ್ಟರೇ ಆಮೇಲೆ ತಲೆ ಅಲ್ಲಾಡಿಸಿದರು. ಒಂದೂವರೆ ತಿಂಗಳ ಮೇಲೆ ಅವನು ಕೆಲಸಕ್ಕೆ ಬಂದಾಗ ತಲೆಗೂದಲೆಲ್ಲ ಉದುರಿತ್ತು, ಕೈ ನಡುಗುತ್ತಿತ್ತು.

ಆಫೀಸಿನ ವಿಷಯವನ್ನು ಹೊರಗೆ ಹೇಳಿದ್ದಕ್ಕಾಗಿ ಇವರಿಗೆ ಮೆಮೋ ಹೋಯಿತು. ಬರಬೇಕಾಗಿದ್ದ ಬಡ್ತಿ ನಿಂತಿತು. ಮುನಿಯಪ್ಪನ ಕಾಯಿಲೆ ಕೆಲಸದಿಂದ ಬಂದದ್ದಲ್ಲ, ಮನೆಯಲ್ಲಿ ಬಂದದ್ದು, ಆದ್ದರಿಂದ ಅವನ ಗೈರುಹಾಜರಿಯನ್ನು ಒಪ್ಪಲಾಗುವುದಿಲ್ಲ ಎಂದೂ ಆದೇಶವಾಯಿತು.

ಇಷ್ಟಾದ ಮೇಲೆ ಸಾಹೇಬರಿಗೆ ಮುನಿಯಪ್ಪನ ನೆನಪಾಯಿತು. ಈ ಕಾಯಿಲೆ ಬಂದು ವಾಸಿಯಾದವರ ರಕ್ತದ ತಿಳಿ, ಅಂದರೆ ಸೀರಮ್, ಬಹಳ ಬೆಲೆಯುಳ್ಳದ್ದು. ಹೊಸ ಮಾದರಿಗಳಲ್ಲಿ ಅದೇ ವೈರಸ್ ಇದೆಯೋ ಇಲ್ಲವೋ ಎಂದು ಅದರಿಂದ ಪರೀಕ್ಷೆ ಮಾಡಬಹುದು. ಮುನಿಯಪ್ಪನದು ಮಂಗನ ಕಾಯಿಲೆಯೇ ಎಂದು ಪತ್ತೆಹಚ್ಚಿದ್ದ ಪೂನಾದವರು ಅದನ್ನು ಕೇಳಿದ್ದರು. ನಮ್ಮಲ್ಲಿ ಇದ್ದದ್ದು ಒಬ್ಬನೇ. ಕಾಯಿಲೆ ಇಲ್ಲಿ ಬಂದದ್ದೇ ಅಲ್ಲ ಎಂದು ತಾವೇ ಬರೆದಿದ್ದ ಮನುಷ್ಯನನ್ನು ಕರೆದು, "ಸ್ವಲ್ಪ ರಕ್ತ ಕೊಡಪ್ಪಾ ಮುನಿಯಪ್ಪ, ವಿಜ್ಞಾನಕ್ಕೆ" ಎಂದರು.

ಮುನಿಯಪ್ಪ ಸೋಮವಾರ ಹೇಳುತ್ತೇನೆ ಎಂದು ಬಂದ. ಭಾನುವಾರ ನನ್ನನ್ನೂ ಕರೆದುಕೊಂಡು ಕುರಿ ಫಾರಮ್ಮಿಗೆ ಹೋದ. ಅವರು ಒಂದು ಕುರಿಯನ್ನು ಮೊಣಕಾಲ ನಡುವೆ ಹಿಡಿದು ಗೊರಸು ಕೆತ್ತುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

"ಕೊಡ್ಲಾ ಬ್ಯಾಡ್ವಾ ಸಾರ್? ನೀವು ಎಂಗೆ ಏಳಿದ್ರೆ ಅಂಗೆ."

"ಕೊಡು. ಅದರಿಂದ ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ. ಆದ್ರೆ ಸೀಸೆ ಮೇಲೆ ಚೀಟಿ ಅಂಟಿಸ್ದೆ ಕೊಡಬೇಡ." ನನ್ನ ಕಡೆ ತಿರುಗಿದರು. "ಚೀಟಿ ನೀನು ಬರಿ. ಯಾರ ರಕ್ತ, ಯಾವ ಕಾಯಿಲೆ, ಎಲ್ಲಿ, ಹೇಗೆ ಹತ್ತಿತು, ಅಷ್ಟೇ. ಇಲ್ದಿದ್ರೆ ಪೂನಾದವರು ಮುಟ್ಟಲ್ಲ. ಕೆಳಗೆ ಸಾಹೇಬರ ಸಹಿ. ಒಂದು ನಕಲು ಮುನಿಯಪ್ಪನ ಕೈಗೆ."

ನಾನು ಬರೆದೆ. ಹಿಂದೆ ಒಮ್ಮೆ ಬರೆಯದೆ ಬಿಟ್ಟದ್ದನ್ನೂ ಸೇರಿಸಿದವನಂತೆ ಒಂದೊಂದು ಅಕ್ಷರವನ್ನೂ ಒತ್ತಿ ಬರೆದೆ. "ಮಂಗನ ಕಾಯಿಲೆಯಿಂದ ಗುಣವಾದ ನೌಕರ ಮುನಿಯಪ್ಪನ ರಕ್ತದ್ದು. ಈ ಪ್ರಯೋಗಾಲಯದ ಇಲಿಯ ಕೋಣೆಯಲ್ಲಿ ಕೆಲಸದ ವೇಳೆ ಬೆರಳು ಕೊಯ್ದು ಸೋಂಕು ತಗುಲಿತು." ಸಾಹೇಬರು ಪೂನಾಕ್ಕೆ ಟಪಾಲು ತಪ್ಪುತ್ತದೆಂಬ ಅವಸರದಲ್ಲಿದ್ದರು. ಎರಡೂ ಪ್ರತಿಗಳಿಗೆ ಓದದೆ ಸಹಿ ಹಾಕಿದರು. ಆ ನಕಲನ್ನು ಜೋಡಿಸಿ ಮುನಿಯಪ್ಪ ಅರ್ಜಿ ಕೊಟ್ಟ. ಸ್ವಂತ ಸಹಿಯನ್ನು ಸುಳ್ಳು ಎನ್ನುವಷ್ಟು ಸಾಹೇಬರು ದಡ್ಡರಲ್ಲ. ಗೈರುಹಾಜರಿ ರಜೆಯಾಯಿತು, ಕಾಯಿಲೆ ಕೆಲಸದಿಂದ ಬಂದದ್ದಾಯಿತು. ಕೈಗವಸಿನ ಬೀರುವಿನ ಬೀಗದ ಕೈ ನನ್ನ ಮೇಜಿಗೆ ಬಂತು.

ಸುದ್ದಿ ಹೇಳಲು ನಾನೇ ಸೈಕಲ್ ತುಳಿದುಕೊಂಡು ಹೋದೆ. ಅವರಿಗೆ ನಿವೃತ್ತಿಗೆ ಕೆಲವೇ ತಿಂಗಳಿದ್ದವು. ನಿಂತ ಬಡ್ತಿ ನಿಂತೇ ಇತ್ತು. ಅದರ ಬಗ್ಗೆಯೂ ಒಂದು ಅರ್ಜಿ ಹಾಕಿ ಸಾರ್, ಈಗ ಸಾಹೇಬರು ಮೆತ್ತಗಾಗಿದ್ದಾರೆ ಎಂದೆ. ಅವರು ಕೊಟ್ಟಿಗೆಯ ಕಡ್ಡಿ ಕಸ ಒಟ್ಟು ಮಾಡುತ್ತಿದ್ದರು. ಪೊರಕೆ ಗೋಡೆಗೆ ಒರಗಿಸಿ ಕೇಳಿದರು:

"ಮುನಿಯಪ್ಪನ ತಲೇಲಿ ಕೂದಲು ಬರ್ತಾ ಇದೆಯೇನಯ್ಯಾ?"

"ಬರ್ತಾ ಇದೆ ಸಾರ್. ಗುಂಗುರು ಗುಂಗುರಾಗಿ ಬರ್ತಾ ಇದೆ. ಮುಂಚೆ ನೆಟ್ಟಗಿತ್ತು."

"ಗುಂಗುರೇ?" ಎಂದರು.

ಅಷ್ಟು ವರ್ಷಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಗಿದ್ದ ಬೆನ್ನು ನೆಟ್ಟಗಾಗುವವರೆಗೆ, ಕುರಿಗಳೆಲ್ಲ ತಲೆ ಎತ್ತಿ ನೋಡುವವರೆಗೆ ನಕ್ಕರು.